ಮುರಿದ ತಡೆಗೋಡೆ, ಬರೆಯದ ಹೊಣೆ

2024ರ ಡಿಸೆಂಬರ್ 21ರ ಶನಿವಾರ ನೆಲಮಂಗಲ ಸಮೀಪದ ತಾಳೆಕೆರೆ ಬಳಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಕಂಟೇನರ್ ಲಾರಿಯೊಂದು ಮುಂದಿದ್ದ ಕಾರನ್ನು ತಪ್ಪಿಸಲು ಹೋಗಿ ಡಿವೈಡರ್ ಹತ್ತಿತು. ಹತ್ತಿದ್ದು ಅಲ್ಲೇ ನಿಲ್ಲಲಿಲ್ಲ. ಆಚೆ ಬದಿಗೆ ದಾಟಿ, ಎದುರಿನಿಂದ ತನ್ನ ಪಾಡಿಗೆ ತಾನು ಬರುತ್ತಿದ್ದ ಇನ್ನೊಂದು ಕಾರಿನ ಮೇಲೆ ಕಂಟೇನರ್ ಮಗುಚಿ ಬಿತ್ತು. ಒಂದೇ ಕುಟುಂಬದ ಆರು ಜನ ಅಲ್ಲೇ ಸತ್ತರು. ಅವರು ಕೂತಿದ್ದು ಸುರಕ್ಷತೆಗೆ ಹೆಸರಾದ ದುಬಾರಿ ಕಾರಿನಲ್ಲಿ. ಹಾಗಾಗಿ ಆಮೇಲೆ ನಡೆದ ಚರ್ಚೆಯೆಲ್ಲ ಬಹುಪಾಲು ಕಾರಿನ ಸುತ್ತಲೇ ತಿರುಗಿತು. ಇಷ್ಟು ಗಟ್ಟಿ ಕಾರೂ ಕಾಯಲಿಲ್ಲವಲ್ಲ ಎಂದು ಜನ ಮಾತಾಡಿಕೊಂಡರು. ಅಷ್ಟು ಭಾರದ ಲಾರಿ ಆಚೆ ಬದಿಗೆ ಬರುವುದಕ್ಕೆ ದಾರಿ ಹೇಗೆ ಸಿಕ್ಕಿತು ಎಂಬುದು ಅದಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆ.

ಒಂದು ವರ್ಷದ ನಂತರ, 2025ರ ಡಿಸೆಂಬರ್ 25ರ ನಸುಕಿನಲ್ಲಿ, ಅದೇ ಹೆದ್ದಾರಿಯಲ್ಲಿ ಹಿರಿಯೂರು ತಾಲ್ಲೂಕಿನಲ್ಲಿ ಮತ್ತೊಂದು ಕಂಟೇನರ್ ಲಾರಿ ಡಿವೈಡರ್ ದಾಟಿ ಬಂದು ಖಾಸಗಿ ಸ್ಲೀಪರ್ ಬಸ್ಸಿಗೆ ಗುದ್ದಿತು. ಬಸ್ಸಿಗೆ ಬೆಂಕಿ ಹತ್ತಿ ಪ್ರಯಾಣಿಕರು ಸುಟ್ಟುಹೋದರು. ಇವೆರಡೂ ಡಿವೈಡರ್ ಇದ್ದೂ ತಡೆಯದ ಪ್ರಕರಣಗಳು. ಡಿವೈಡರೇ ಇಲ್ಲದ ರಸ್ತೆ ಏನು ಮಾಡುತ್ತದೆ ಎಂಬುದನ್ನು 2021ರ ಜನವರಿ 15 ತೋರಿಸಿತ್ತು. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್ ಮತ್ತು ಟಿಪ್ಪರ್ ಧಾರವಾಡದ ಇಟಿಗಟ್ಟಿ ಬಳಿ ಮುಖಾಮುಖಿ ಗುದ್ದಿಕೊಂಡು ಹತ್ತಕ್ಕೂ ಹೆಚ್ಚು ಜನ ಸತ್ತರು. ಆಗ ಹುಬ್ಬಳ್ಳಿ-ಧಾರವಾಡ ಬೈಪಾಸಿನ ಎರಡೂ ತುದಿಗೆ ಚತುಷ್ಪಥ ಹೆದ್ದಾರಿ ಇತ್ತು. ನಡುವಿನ ಸುಮಾರು 30 ಕಿಲೊಮೀಟರ್ ಮಾತ್ರ ವಿಭಜಕವಿಲ್ಲದ ಎರಡು ಪಥದ ರಸ್ತೆ. ಆ ಭಾಗದ ಜನ ಅದನ್ನು ಸಾವಿನ ರಸ್ತೆ ಎಂದು ಕರೆಯತೊಡಗಿ ಎಷ್ಟೋ ವರ್ಷವಾಗಿತ್ತು. ಅದನ್ನು ಅಗಲ ಮಾಡುವ ಕಾಮಗಾರಿಗೆ ಅಡಿಗಲ್ಲು ಬಿದ್ದದ್ದು 2022ರಲ್ಲಿ, ಆ ಹೆಣ್ಣುಮಕ್ಕಳು ಸತ್ತ ಮೇಲೆ.

ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕರ್ನಾಟಕದ ಪಾಲು 11,702. ದೇಶದ ಆ ಸಾವುಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಆದದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ಒಟ್ಟು ರಸ್ತೆಯ ಉದ್ದದಲ್ಲಿ ಅವುಗಳ ಪಾಲು ಶೇ 2ರ ಆಸುಪಾಸು. ಕೇಂದ್ರದ ಇಂಥ ವರದಿಗಳಲ್ಲಿನ ಅಪಘಾತದ ಕಾರಣಗಳ ಪಟ್ಟಿಯಲ್ಲಿ ಪ್ರತಿ ವರ್ಷವೂ ಅತಿವೇಗದ್ದೇ ಸಿಂಹಪಾಲು. ಆ ಪಟ್ಟಿ ತಯಾರಾಗುವುದು ಪೊಲೀಸ್ ಠಾಣೆಯ ಕಾಗದದಿಂದ. ಆ ಕಾಗದದಲ್ಲಿ ರಸ್ತೆಗೆ ಎಷ್ಟು ಜಾಗ ಇದೆ ಎನ್ನುವುದೇ ಈ ಲೇಖನದ ಮುಖ್ಯ ವಿಷಯ.

ನಮ್ಮ ಕಲಬುರಗಿ ಭಾಗಕ್ಕೆ ಬರೋಣ. ಸೇಡಂ ತಾಲ್ಲೂಕಿನ ಕೋಡ್ಲಾ-ಬೆನಕನಹಳ್ಳಿ ಬಳಿ ಶ್ರೀ ಸಿಮೆಂಟ್, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ, ವಾಡಿಯಲ್ಲಿ ಎಸಿಸಿ. ಚಿಂಚೋಳಿ ಕಡೆಗೂ ಸಿಮೆಂಟ್ ಕಾರ್ಖಾನೆ ಬಂದಿದೆ. ಶಹಾಬಾದ್ ಮತ್ತು ಚಿತ್ತಾಪುರದಿಂದ ಫರ್ಸಿಕಲ್ಲು ಹೊತ್ತ ಲಾರಿಗಳು ಬೇರೆ. ಸಿಮೆಂಟ್ ಚೀಲದ ಲಾರಿ, ಹಾರುಬೂದಿ ತರುವ ಬಲ್ಕರ್, ಸುಣ್ಣದಕಲ್ಲಿನ ಟಿಪ್ಪರ್, ಸುಗ್ಗಿಯಲ್ಲಿ ತೊಗರಿ ತುಂಬಿದ ಟ್ರ್ಯಾಕ್ಟರ್, ಇವೆಲ್ಲವೂ ಓಡುವುದು ಹೆಚ್ಚಾಗಿ ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳ ಮೇಲೆ. ಅವುಗಳ ನಡುವೆಯೇ ಶಾಲೆಗೆ ಹೋಗುವ ಹುಡುಗರ ಸೈಕಲ್ಲು, ಹೊಲಕ್ಕೆ ಹೋಗುವವರ ಬೈಕು, ಸಂತೆಗೆ ಹೋಗುವ ಟಂಟಂ. ಈ ರಸ್ತೆಗಳ ಬಹುಭಾಗಕ್ಕೆ ನಡುವೆ ವಿಭಜಕವಿಲ್ಲ. ಇರುವುದು ಊರು ಬಂದಾಗ ಶುರುವಾಗಿ ಊರು ಮುಗಿದಾಗ ಮುಗಿಯುವ ಡಿವೈಡರ್, ಮತ್ತು ಸೇತುವೆ, ತಿರುವುಗಳ ಬಳಿ ಅಲ್ಲಲ್ಲಿ ಕೂರಿಸಿದ ತಗಡಿನ ತಡೆಬೇಲಿ.

ಆ ತಗಡು ಏನನ್ನು ತಡೆಯಬಲ್ಲದು? ಡಬ್ಲ್ಯು ಆಕಾರಕ್ಕೆ ಮಡಚಿದ, 3 ಮಿ.ಮೀ. ದಪ್ಪದ, ಸತು ಲೇಪಿಸಿದ ಉಕ್ಕಿನ ಪಟ್ಟಿ ಅದು. ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯಂತೆ ಅದರ ಮೇಲಂಚು ರಸ್ತೆಯ ಮಟ್ಟದಿಂದ 70 ಸೆಂ.ಮೀ. ಎತ್ತರದಲ್ಲಿರಬೇಕು. ಅದನ್ನು ಹಿಡಿದ ಉಕ್ಕಿನ ಕಂಬದ ಉದ್ದ 1.8 ಮೀಟರ್, ಅದರಲ್ಲಿ 1.1 ಮೀಟರ್ ನೆಲದೊಳಗೆ ಹೋಗಬೇಕು. ಕಾರು ಓರೆಯಾಗಿ ಬಂದು ಗುದ್ದಿದಾಗ ತಗಡು ಬಾಗಿ, ಕಂಬಗಳು ಒಂದರ ಹಿಂದೊಂದು ವಾಲಿ, ವಾಹನದ ವೇಗವನ್ನು ನುಂಗಿ, ಅದನ್ನು ಮತ್ತೆ ತನ್ನ ಪಥಕ್ಕೇ ಜಾರಿಸಬೇಕು. ಅದು ಗೋಡೆಯಂತೆ ಎದುರಿಸಿ ನಿಲ್ಲುವ ವಸ್ತುವಲ್ಲ, ಬಾಗಿ ಉಳಿಸುವ ವಸ್ತು. ಒಮ್ಮೆ ಬಾಗಿದ ಮೇಲೆ ಅದರ ಕೆಲಸ ಮುಗಿಯಿತು. ಮುಂದಿನ ಗಾಡಿ ಬರುವುದರೊಳಗೆ ಹೊಸ ತಗಡು ಬರಬೇಕು. ನಿರ್ವಹಣೆ ಅಂದರೆ ಇಷ್ಟೇ. ನಮ್ಮಲ್ಲಿ ಆಗದೆ ಉಳಿಯುವುದೂ ಇದೇ.

ತೂಕದ ಮಾತು ಬೇರೆಯೇ ಇದೆ. ಇಂಥ ತಡೆಬೇಲಿಯನ್ನು ಪರೀಕ್ಷಿಸುವ ಸಾಮಾನ್ಯ ಅಂತರರಾಷ್ಟ್ರೀಯ ಮಟ್ಟದಲ್ಲಿ ಸುಮಾರು 2 ಟನ್ನಿನ ಪಿಕಪ್ ವಾಹನವನ್ನು ಗಂಟೆಗೆ 100 ಕಿ.ಮೀ. ವೇಗದಲ್ಲಿ 25 ಡಿಗ್ರಿ ಓರೆಯಲ್ಲಿ ಗುದ್ದಿಸುತ್ತಾರೆ. ನಮ್ಮ ರಸ್ತೆಯ ಐದು ಆಕ್ಸೆಲ್‌ನ ಲಾರಿಗೆ 2018ರ ಪರಿಷ್ಕರಣೆಯ ನಂತರ ಕಾನೂನೇ ಒಪ್ಪಿದ ಒಟ್ಟು ಭಾರ 43.5 ಟನ್. ಟ್ರೇಲರ್ ಆದರೆ 55 ಟನ್ನಿನವರೆಗೆ. 43.5 ಟನ್ನಿನ ಲಾರಿ ಗಂಟೆಗೆ 60 ಕಿ.ಮೀ.ನಲ್ಲಿ ಹೋಗುತ್ತಿದ್ದರೆ ಅದು ಹೊತ್ತ ಶಕ್ತಿ ಆ ಪರೀಕ್ಷೆಯ ಪಿಕಪ್ಪಿನ ಸುಮಾರು 8 ಪಟ್ಟು. ಹೊಚ್ಚ ಹೊಸ ತಗಡಿನ ಬೇಲಿಯೂ ಅದಕ್ಕೆ ಎದುರು ನಿಲ್ಲಲಾರದು. ಭಾರಿ ವಾಹನಗಳೇ ಹೆಚ್ಚಿರುವ ಕಡೆ, ಸೇತುವೆಯ ಮೇಲೆ, ವಿಭಜಕ ಇಕ್ಕಟ್ಟಾಗಿರುವ ಕಡೆ ಬೇಕಾದದ್ದು ಎತ್ತರದ ಕಾಂಕ್ರೀಟ್ ತಡೆಗೋಡೆ. ಯಾವ ರಸ್ತೆಗೆ ಯಾವ ಮಟ್ಟದ ತಡೆ ಎಂಬುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲೇ ಐಆರ್‌ಸಿ 119 ಎಂಬ ಪ್ರತ್ಯೇಕ ಮಾರ್ಗಸೂಚಿ ಕೊಟ್ಟಿದೆ. ಕಾರಿನ ಲೆಕ್ಕದ ಬೇಲಿಯನ್ನು ಸಿಮೆಂಟ್ ಲಾರಿಗಳ ರಸ್ತೆಗೆ ತಂದು ನಿಲ್ಲಿಸಿದರೆ ಆ ತಪ್ಪು ನಡೆಯುವುದು ಚಾಲಕ ಸ್ಟಿಯರಿಂಗ್ ಹಿಡಿಯುವುದಕ್ಕಿಂತ ಬಹಳ ಮುಂಚೆ, ಅಂದಾಜುಪಟ್ಟಿ ಬರೆಯುವ ಮೇಜಿನ ಮೇಲೆ.

ಸೇಡಂ ಕಡೆಯ ಒಂದು ಕಿರುಸೇತುವೆಯ ಬಳಿ ಇಳಿದು ಇಂಥ ಬೇಲಿಯೊಂದನ್ನು ನಿಧಾನವಾಗಿ ನೋಡಿದ್ದೇನೆ. ನಡುವಿನ ತಗಡು ಹಳೆಯ ಗುದ್ದಿಗೆ ಒಳಕ್ಕೆ ಬಾಗಿ, ಬಾಗಿದ ಜಾಗದಲ್ಲಿ ಸತು ಎದ್ದು ತುಕ್ಕು ಹಿಡಿದಿತ್ತು. ಅಂದರೆ ಗುದ್ದಿದ್ದು ನಿನ್ನೆ ಮೊನ್ನೆಯಲ್ಲ. ಎರಡು ತಗಡು ಕೂಡುವಲ್ಲಿ ಎಂಟು ಬೋಲ್ಟ್ ಇರಬೇಕು, ಕೆಲವು ತೂತುಗಳು ಖಾಲಿ. ಒಂದು ಕಂಬವನ್ನು ಕೈಯಿಂದ ಅಲ್ಲಾಡಿಸಿದರೆ ಅಲ್ಲಾಡಿತು. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಮಣ್ಣು. ಅದರಲ್ಲಿ ಬರೀ ಬಡಿದು ಕೂರಿಸಿದ ಕಂಬ ಎರಡು ಮಳೆಗಾಲ ಕಂಡರೆ ಹಿಡಿತ ಬಿಡುತ್ತದೆ. ಬೇಲಿಯ ತುದಿ ನೆಲಕ್ಕೆ ಇಳಿದಿರಲಿಲ್ಲ, ಹೊರಕ್ಕೂ ತಿರುಗಿರಲಿಲ್ಲ. ಬರುವ ವಾಹನದ ಎದೆಗೆ ನೇರವಾಗಿ ಚಾಚಿಕೊಂಡಿತ್ತು. ಅಂಥ ತುದಿ ಕಾರಿನ ಎಂಜಿನ್ ಸೀಳಿಕೊಂಡು ಸೀಟಿನವರೆಗೆ ಬರುತ್ತದೆ. ಊರಿನ ಯಾರೋ ಅದಕ್ಕೆ ಬಿಳಿ ಗೊಬ್ಬರದ ಚೀಲ ಕಟ್ಟಿದ್ದರು, ರಾತ್ರಿ ಕಾಣಲೆಂದು. ಅಲ್ಲಿ ಕಣ್ಣಿಗೆ ಬಿದ್ದ ಏಕೈಕ ನಿರ್ವಹಣೆ ಅದೊಂದೇ.

ಇನ್ನೊಂದು ಲೋಪ ಬರಿಗಣ್ಣಿಗೆ ಕಾಣುವುದೇ ಇಲ್ಲ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕುತ್ತಾರೆ. ಪ್ರತಿ ಸಲ 4-5 ಸೆಂ.ಮೀ. ಏರುತ್ತದೆ. ಎರಡು ಸಲ ಹಾಕಿದರೆ 70 ಸೆಂ.ಮೀ. ಇದ್ದ ತಡೆಬೇಲಿ ರಸ್ತೆಯ ಲೆಕ್ಕದಲ್ಲಿ 60ಕ್ಕೆ ಇಳಿದಿರುತ್ತದೆ. ಎತ್ತರದ ಜೀಪು, ಪಿಕಪ್ಪು ಅದರ ಮೇಲೆ ಹತ್ತಿ ಹಾರುವುದಕ್ಕೆ ಇಷ್ಟು ಸಾಕು. ಹೊಸ ಡಾಂಬರು ಬಿದ್ದ ಖುಷಿಯಲ್ಲಿ ವೇಗವೂ ಹೆಚ್ಚಿರುತ್ತದೆ. ಡಾಂಬರಿನ ಬಿಲ್ಲಿನ ಜೊತೆಗೇ ತಡೆಬೇಲಿ ಎತ್ತರಿಸುವ ಬಾಬ್ತೂ ಸೇರಬೇಕೆಂಬುದು ಎಂಜಿನಿಯರರಿಗೆ ಗೊತ್ತಿಲ್ಲದ ವಿಷಯವಲ್ಲ.

ಮಣ್ಣಿನ ವಿಭಜಕದ ಕಥೆಯೂ ಹೀಗೇ. ಎದುರಿನ ದೀಪ ಕಣ್ಣಿಗೆ ಹೊಡೆಯದಿರಲೆಂದು ಕಣಗಿಲೆ ನೆಡುತ್ತಾರೆ, ಒಳ್ಳೆಯದೇ. ಆದರೆ ಗಿಡ ಲಾರಿಯನ್ನು ತಡೆಯುವುದಿಲ್ಲ. ಅದಕ್ಕೆ ನೀರು ಹಾಕುವ ಟ್ಯಾಂಕರ್ ವೇಗದ ಪಥದಲ್ಲೇ ನಿಂತಿರುತ್ತದೆ. ಅದರ ಹಿಂದೆ ಎಚ್ಚರಿಕೆಯ ಫಲಕವಿಲ್ಲದಿದ್ದರೆ ಅದೇ ಹೊಸ ಅಪಾಯ. ಢಾಬಾದವರು, ಪೆಟ್ರೋಲ್ ಬಂಕಿನವರು, ಕೆಲವೊಮ್ಮೆ ಊರಿನವರೇ ದೂರ ಸುತ್ತಿ ಬರಲಾಗದೆ ವಿಭಜಕ ಒಡೆದು ದಾರಿ ಮಾಡಿಕೊಳ್ಳುತ್ತಾರೆ. ತಗಡು ಬಿಚ್ಚಿ ಗುಜರಿಗೆ ಮಾರುವವರೂ ಇದ್ದಾರೆ. ಇದು ಜನರ ತಪ್ಪಲ್ಲವೇ ಎಂದರೆ ಹೌದು, ತಪ್ಪೇ. ಆದರೆ ಒಡೆದ ಜಾಗ ತಿಂಗಳುಗಟ್ಟಲೆ ಹಾಗೇ ಇದ್ದರೆ, ಆ ದಾರಿಯಲ್ಲಿ ದಿನವೂ ಓಡಾಡುವ ಗಸ್ತು ವಾಹನಕ್ಕೆ ಅದು ಕಾಣಲಿಲ್ಲ ಎಂದು ಹೇಳಲು ಬರುವುದಿಲ್ಲ. ಒಡೆದವನ ಮೇಲೆ ದೂರು ಕೊಡುವುದೂ ಮತ್ತೆ ಮುಚ್ಚುವುದೂ ರಸ್ತೆಯ ಒಡೆಯನದೇ ಕೆಲಸ.

ನಮ್ಮ ತಾಲ್ಲೂಕು ಕೇಂದ್ರಗಳಿಗೆ ಬಂದರೆ ಅಪಾಯ ಡಿವೈಡರಿನ ಮೂತಿಯಲ್ಲಿದೆ. ಎರಡು ಪಥದ ರಸ್ತೆ ಊರಿನ ಅಂಚಿಗೆ ಬರುತ್ತಿದ್ದ ಹಾಗೇ ನಡುವೆ ಕಾಂಕ್ರೀಟಿನ ಕಟ್ಟೆ ಏಳುತ್ತದೆ. ಅದಕ್ಕೆ ಮೊದಲು ಹಳದಿ ಪಟ್ಟೆ ಇರಬೇಕು, ಹೊಳೆಯುವ ಫಲಕ ಇರಬೇಕು, ಕ್ಯಾಟ್ ಐ ಇರಬೇಕು, ಮೇಲೊಂದು ದೀಪ ಇರಬೇಕು. ಫಲಕವನ್ನು ಲಾರಿಯೊಂದು ಕೆಡವಿದ ಮೇಲೆ ಮತ್ತೆ ನಿಲ್ಲಿಸುವವರಿಲ್ಲ. ಸಿಮೆಂಟ್ ಧೂಳು ಕೂತು ಬಣ್ಣ ಬೂದಿಯಾಗಿರುತ್ತದೆ. ವಾಡಿ ಕಡೆ ಓಡಿಸುವ ಹಿರಿಯ ಚಾಲಕರೊಬ್ಬರು ನನಗೆ ಹೇಳಿದ್ದು ಹೀಗೆ: “ರಾತ್ರಿ ಎದುರಿನ ಗಾಡಿ ಲೈಟ್ ಕಣ್ಣಿಗೆ ಹೊಡದ್ರ ಡಿವೈಡರ್ ಎಲ್ಲಿ ಸುರು ಆಗ್ತದ ಅಂಬೋದೇ ತಿಳಿಯಂಗಿಲ್ರಿ ಸರ. ಹೊಸಾ ಡ್ರೈವರ್ ಇದ್ರ ಸೀದಾ ಅದರ ಮ್ಯಾಲೇ ಹತ್ತಸ್ತಾನ.” ಹತ್ತಿಸಿದವನ ಮೇಲೆ ಕೇಸು ಆಗುತ್ತದೆ. ಮರುದಿನ ಡಿವೈಡರಿನ ಒಡೆದ ಚೂರುಗಳನ್ನು ಬದಿಗೆ ಸರಿಸುತ್ತಾರೆ. ಮೂತಿ ಹಾಗೇ ಇರುತ್ತದೆ.

ರಸ್ತೆಯ ಅಂಚಿನ ತಡೆಗೋಡೆಯ ಚರಿತ್ರೆಯನ್ನು ಮಂಡ್ಯದ ವಿಶ್ವೇಶ್ವರಯ್ಯ ನಾಲೆಯಷ್ಟು ಕಹಿಯಾಗಿ ಬೇರಾವುದೂ ಹೇಳುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ ನಾಲೆಗೆ ಬಿದ್ದು 30 ಜನ ಸತ್ತರು, ಅವರಲ್ಲಿ ಶಾಲಾ ಮಕ್ಕಳಿದ್ದರು. ಮಂತ್ರಿಗಳು ಬಂದರು, ತಡೆಗೋಡೆಯ ಮಾತಾಯಿತು. 2023ರ ಜುಲೈನಲ್ಲಿ ಗಾಮನಹಳ್ಳಿ ಬಳಿ ಅದೇ ನಾಲೆಗೆ ಕಾರು ಬಿದ್ದು ನಾಲ್ವರು ಮಹಿಳೆಯರು ಹೋದರು. ಅದೇ ವರ್ಷದ ನವೆಂಬರಿನಲ್ಲಿ ಬನಘಟ್ಟ ಬಳಿ ಮತ್ತೊಂದು ಕಾರು, ಐದು ಜನ. ಐದು ವರ್ಷದಲ್ಲಿ ಒಂದೇ ನಾಲೆ, ಒಂದೇ ಕೊರತೆ. ಮೊದಲ ಸಾವುಗಳಿಗೆ ಚಾಲಕನ ವೇಗ ಕಾರಣ ಎನ್ನಬಹುದು. ಎರಡನೆಯ, ಮೂರನೆಯ ಸಲ ಆ ಮಾತು ಪೂರ್ತಿ ನಿಲ್ಲುವುದಿಲ್ಲ, ಯಾಕೆಂದರೆ ಅಪಾಯ ಇದೆ ಎಂದು ಸರ್ಕಾರಕ್ಕೆ ಅಷ್ಟರಲ್ಲಿ ಖಚಿತವಾಗಿ ಗೊತ್ತಿತ್ತು. ನಮ್ಮ ಜಿಲ್ಲೆಯಲ್ಲೇ 2022ರ ಜೂನ್ 3ರಂದು ಕಮಲಾಪುರ ಬಳಿ, ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಬಸ್ ಸರಕು ವಾಹನಕ್ಕೆ ಗುದ್ದಿ ರಸ್ತೆ ಬಿಟ್ಟು ಉರುಳಿ ಬೆಂಕಿಗೆ ಸಿಕ್ಕಿತು. ಒಳಗಿದ್ದವರು ಹೊರಬರಲಾಗದೆ ಸತ್ತರು. ಗುದ್ದಿದ ವಾಹನ ರಸ್ತೆಯ ಮೇಲೇ ಉಳಿಯುವಂತೆ ಮಾಡುವುದು ಎಷ್ಟು ದೊಡ್ಡ ಮಾತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗೊತ್ತಿದ್ದೂ ಸುಮ್ಮನಿದ್ದದ್ದು ಯಾರು ಎಂಬಲ್ಲಿಂದಲೇ ಕಾನೂನಿನ ಹೊಣೆ ಶುರುವಾಗುತ್ತದೆ. ಈಗಿನ ರೂಢಿ ಏನು? ಅಪಘಾತವಾಗುತ್ತದೆ, ಠಾಣೆಯಲ್ಲಿ ಎಫ್‌ಐಆರ್ ಬರೆಯುತ್ತಾರೆ: ಚಾಲಕನು ತನ್ನ ವಾಹನವನ್ನು ಅತಿವೇಗ ಮತ್ತು ನಿಷ್ಕಾಳಜಿತನದಿಂದ ಚಲಾಯಿಸಿ. ಮೊದಲು ಭಾರತೀಯ ದಂಡ ಸಂಹಿತೆಯ 304ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 106. ಆರೋಪಿ ಕಾಲಂನಲ್ಲಿ ಚಾಲಕ ಮಾತ್ರ. ಚಾಲಕನೇ ಸತ್ತಿದ್ದರೆ ಸತ್ತವನೇ ಆರೋಪಿ, ಪ್ರಕರಣ ಅಲ್ಲಿಗೆ ಮುಗಿಯುತ್ತದೆ. ಪಂಚನಾಮೆಯಲ್ಲಿ ಟೈರಿನ ಗುರುತು, ಗಾಜಿನ ಚೂರು, ರಸ್ತೆಯ ಅಗಲ ಇರುತ್ತದೆ. ತಡೆಬೇಲಿ ಎಷ್ಟು ಎತ್ತರ ಇತ್ತು, ಬೋಲ್ಟ್ ಇದ್ದವೇ, ಫಲಕ ಇತ್ತೇ ಎಂಬುದನ್ನು ಬರೆಯುವ ರೂಢಿಯಿಲ್ಲ. ಅಷ್ಟರಲ್ಲಿ ಕ್ರೇನ್ ಬಂದು ವಾಹನ ಎತ್ತುತ್ತದೆ, ತಗಡು ಬದಿಗೆ ಬೀಳುತ್ತದೆ, ಸಾಕ್ಷ್ಯ ಗುಜರಿ ಸೇರುತ್ತದೆ.

ಹೀಗಾಗಬಾರದೆಂದೇ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಂ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ಸುರಕ್ಷತಾ ಗುಣಮಟ್ಟದ ನಿರ್ವಹಣೆ ಇವುಗಳ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರ ಅಥವಾ ಟೋಲ್ ಹಕ್ಕು ಪಡೆದವರು ಕೇಂದ್ರ ನಿಗದಿ ಮಾಡಿದ ಮಾನದಂಡ ಪಾಲಿಸದೆ, ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ ದಂಡ. ತೀರ್ಮಾನಿಸುವಾಗ ನ್ಯಾಯಾಲಯ ಏನನ್ನು ನೋಡಬೇಕು ಎಂಬುದನ್ನೂ ಕಲಂ ಹೇಳುತ್ತದೆ: ಆ ರಸ್ತೆಯ ಗುಣ, ಅದರ ಮೇಲೆ ಓಡುವ ವಾಹನಗಳ ಬಗೆ, ದುರಸ್ತಿಯ ಸ್ಥಿತಿ, ಹೊಣೆಗಾರರಿಗೆ ಅದು ಗೊತ್ತಿತ್ತೇ ಅಥವಾ ಗೊತ್ತಿರಬೇಕಿತ್ತೇ, ದುರಸ್ತಿ ಆಗುವತನಕ ಎಚ್ಚರಿಕೆ ಫಲಕವನ್ನಾದರೂ ಹಾಕಿದ್ದರೇ. ಓಡುವ ವಾಹನಗಳ ಬಗೆ ಎಂಬ ಮಾತು ಕೋಡ್ಲಾದಂಥ ಊರಿಗೆ ಅಳತೆ ತೆಗೆದು ಹೊಲಿದ ಹಾಗಿದೆ. ಸಿಮೆಂಟ್ ಲಾರಿಗಳೇ ಓಡುವ ರಸ್ತೆ ಇದು ಎಂದು ಗೊತ್ತಿರಲಿಲ್ಲ ಎಂದು ಇಲ್ಲಿ ಯಾವ ಅಧಿಕಾರಿಯೂ ಹೇಳಲಾರ.

ಆದರೆ ಕಲಮಿನ ಹಲ್ಲು ಮೊಂಡು. ದಂಡದ ಮಿತಿ ಹೆಚ್ಚೆಂದರೆ 1 ಲಕ್ಷ ರೂಪಾಯಿ, ಜೈಲಿಲ್ಲ. ಆ ಹಣವೂ ಸತ್ತವರ ಮನೆಗೆ ಬರುವುದಿಲ್ಲ, 164ಬಿ ಕಲಂ ಅಡಿಯ ಅಪಘಾತ ನಿಧಿಗೆ ಹೋಗುತ್ತದೆ. ಕೋಟಿಗಟ್ಟಲೆ ಗುತ್ತಿಗೆಯಲ್ಲಿ 1 ಲಕ್ಷ ಯಾರಿಗೂ ಲೆಕ್ಕಕ್ಕಿಲ್ಲ. ಹಾಗಿದ್ದರೂ ಈ ಕಲಮನ್ನು ನಾನು ಕಡೆಗಣಿಸುವುದಿಲ್ಲ, ಪೊಲೀಸರೂ ಕಡೆಗಣಿಸಬಾರದು. ಅದರ ಬೆಲೆ ದಂಡದಲ್ಲಿಲ್ಲ, ತನಿಖೆಯಲ್ಲಿದೆ. 198ಎ ಹಾಕಿದ ಕ್ಷಣದಿಂದ ತಡೆಗೋಡೆಯ ಅಳತೆ ತೆಗೆಯಬೇಕಾಗುತ್ತದೆ, ಗುತ್ತಿಗೆಯ ಕಡತ ತರಿಸಬೇಕಾಗುತ್ತದೆ, ಕೊನೆಯ ಸಲ ಪರಿಶೀಲನೆ ಯಾವಾಗ ಆಯಿತೆಂದು ಕೇಳಬೇಕಾಗುತ್ತದೆ. ಪರಿಹಾರದ ದಾವೆಗೆ ಬೇಕಾದ ದಾಖಲೆ ಹುಟ್ಟುವುದೇ ಅಲ್ಲಿ.

ಪರಿಹಾರದ ದಾರಿಯಲ್ಲಿ ಕಲ್ಲುಮುಳ್ಳು ಬಹಳ. ಮೋಟಾರು ಅಪಘಾತ ನ್ಯಾಯಮಂಡಳಿ ಮುಖ್ಯವಾಗಿ ಚಾಲಕ, ಮಾಲೀಕ, ವಿಮಾ ಕಂಪನಿಗಳ ನಡುವಿನ ವೇದಿಕೆ. ರಸ್ತೆಯ ಒಡೆಯನನ್ನು ಎಳೆಯಬೇಕಾದರೆ ಸಿವಿಲ್ ದಾವೆ ಅಥವಾ ಹೈಕೋರ್ಟಿನ ರಿಟ್. ಸರ್ಕಾರದ ಮೇಲೆ ದಾವೆ ಹೂಡುವುದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಎರಡು ತಿಂಗಳ ನೋಟಿಸು ಬೇಕು. 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯಡಿ ಸತ್ತವರ ಕುಟುಂಬ ದಾವೆ ಹೂಡಲು ಇರುವ ಕಾಲ ಸಾವಿನ ದಿನದಿಂದ ಎರಡು ವರ್ಷ. ತಿಥಿ, ಆಸ್ಪತ್ರೆ ಬಿಲ್ಲು, ವಿಮೆಯ ಓಡಾಟದಲ್ಲೇ ಎರಡು ವರ್ಷ ಕಳೆದುಹೋಗುತ್ತದೆ ಎಂಬುದು ಇಂಥ ಮನೆಗಳನ್ನು ಕಂಡವರಿಗೆಲ್ಲ ಗೊತ್ತು. ನಮ್ಮವರಿಗೆ ಒಂದು ಅನುಕೂಲವೆಂದರೆ 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಕಲಬುರಗಿಯ ಹೈಕೋರ್ಟ್ ಪೀಠ. ರಿಟ್ ಹಾಕಲು ಬೆಂಗಳೂರಿಗೆ ಹೋಗಬೇಕಿಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಒಂದೇ ದಾರಿಯಲ್ಲಿ ನಡೆದಿಲ್ಲ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ನಗರಪಾಲಿಕೆಯನ್ನೇ ಹೊಣೆ ಮಾಡಿತು: ಹಳೆಯ ಕಟ್ಟಡವನ್ನು ಆಗಾಗ ಪರೀಕ್ಷಿಸುವುದು ಅದರ ಕರ್ತವ್ಯ, ಕಣ್ಣಿಗೆ ಕಾಣದ ದೋಷ ಎಂಬ ನೆಪ ನಡೆಯದು. ಆದರೆ ರಸ್ತೆಬದಿಯ ಮರ ಬಿದ್ದು ದಾರಿಹೋಕರೊಬ್ಬರು ಸತ್ತ ರಾಜಕೋಟೆಯ ಪ್ರಕರಣದಲ್ಲಿ ಅದೇ ನ್ಯಾಯಾಲಯ 1997ರಲ್ಲಿ ಪಾಲಿಕೆಯನ್ನು ಬಿಟ್ಟಿತು. ಸರ್ಕಾರಿ ವಕೀಲರು ಇಂದಿಗೂ ಈ ಎರಡನೆಯ ತೀರ್ಪನ್ನೇ ಮುಂದೆ ಹಿಡಿಯುತ್ತಾರೆ. ನನ್ನ ದೃಷ್ಟಿಯಲ್ಲಿ ತಡೆಗೋಡೆ ಮರದ ಸಾಲಿಗೆ ಸೇರುವುದಿಲ್ಲ, ಗೋಪುರದ ಸಾಲಿಗೆ ಸೇರುತ್ತದೆ. ಮರ ತಾನಾಗಿ ಬೆಳೆದು ತಾನಾಗಿ ಒಳಗೇ ಟೊಳ್ಳಾಗುತ್ತದೆ. ತಡೆಗೋಡೆಯನ್ನು ಇಲಾಖೆಯೇ ತಂದು, ಜನ ಅದನ್ನು ನಂಬಲಿ ಎಂದು ನಿಲ್ಲಿಸಿದ್ದು. ಅದು ಬಾಗಿರುವುದು ಯಾರಿಗೂ ಕಾಣದ ದೋಷವೂ ಅಲ್ಲ.

ಇಂಗ್ಲೆಂಡಿನಲ್ಲೂ ಬಹುಕಾಲ ಇದೇ ವಾದ ನಡೆಯುತ್ತಿತ್ತು. ತಪ್ಪಾಗಿ ದುರಸ್ತಿ ಮಾಡಿದರೆ ಹೊಣೆ, ದುರಸ್ತಿಯನ್ನೇ ಮಾಡದಿದ್ದರೆ ಹೊಣೆಯಿಲ್ಲ! 1961ರ ಕಾಯ್ದೆ ಆ ವಿನಾಯಿತಿ ತೆಗೆದುಹಾಕಿತು. ಈಗಿರುವ 1980ರ ಹೆದ್ದಾರಿ ಕಾಯ್ದೆಯ ಪ್ರಕಾರ ರಸ್ತೆ ಕೆಟ್ಟಿತ್ತು, ಅದರಿಂದ ಪೆಟ್ಟಾಯಿತು ಎಂದು ಗಾಯಗೊಂಡವರು ತೋರಿಸಿದರೆ, ತಕ್ಕ ಎಚ್ಚರ ವಹಿಸಿದ್ದೆವು ಎಂದು ಸಾಬೀತು ಮಾಡುವ ಭಾರ ಪ್ರಾಧಿಕಾರದ ಮೇಲೆ ಬೀಳುತ್ತದೆ. ನಮಗೆ ಇಲ್ಲದಿರುವುದು ಇದೇ. ಪರಿಶೀಲನೆಯ ದಾಖಲೆ ಇಲಾಖೆಯ ಬೀರುವಿನಲ್ಲಿ, ಸಾಬೀತಿನ ಭಾರ ವಿಧವೆಯ ತಲೆಯ ಮೇಲೆ. ಈ ಒಂದನ್ನು ತಿರುಗಿಸಿದರೆ ದಂಡದ ಮೊತ್ತ ಹೆಚ್ಚಿಸುವುದಕ್ಕಿಂತ ದೊಡ್ಡ ಕೆಲಸವಾಗುತ್ತದೆ.

ಗಾಳಿ ನಿಧಾನವಾಗಿ ತಿರುಗುತ್ತಿರುವುದು ನಿಜ. ಬೆಂಗಳೂರಿನ ರಸ್ತೆಗುಂಡಿಗಳ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2019ರಲ್ಲಿ, ಕೆಟ್ಟ ರಸ್ತೆಯಿಂದ ಪೆಟ್ಟಾದವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂದಿತು. 2025ರ ಜುಲೈನಲ್ಲಿ ಮಧ್ಯಪ್ರದೇಶದ ಟೋಲ್ ರಸ್ತೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುರಕ್ಷಿತವಾದ, ಚೆನ್ನಾಗಿ ನಿರ್ವಹಿಸಿದ ರಸ್ತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ರಸ್ತೆಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ, ಗಾಯಗೊಂಡವರಿಗೆ 50 ಸಾವಿರದಿಂದ 2.5 ಲಕ್ಷ ರೂಪಾಯಿ ಎಂದು ನಿಗದಿ ಮಾಡಿ, ಅದನ್ನು ತಪ್ಪಿತಸ್ಥರಿಂದ ವಸೂಲು ಮಾಡಬೇಕೆಂದಿತು. ಗುಂಡಿಗೆ ಬಂದ ನ್ಯಾಯ ತಡೆಗೋಡೆಗೂ ಬರಬೇಕು. ಗುಂಡಿ ಎಲ್ಲರಿಗೂ ಕಾಣುತ್ತದೆ, ಎಲ್ಲರ ಬೆನ್ನಿಗೂ ತಾಗುತ್ತದೆ, ಹಾಗಾಗಿ ಅದರ ಬಗ್ಗೆ ಗದ್ದಲ ಏಳುತ್ತದೆ. ಸಡಿಲವಾದ ಕಂಬ ಯಾರಿಗೂ ತೊಂದರೆ ಕೊಡದೆ ವರ್ಷಗಟ್ಟಲೆ ನಿಂತಿರುತ್ತದೆ, ಅದು ಬೇಕಾಗುವ ಆ ಒಂದು ಕ್ಷಣದವರೆಗೆ.

ದಾಖಲೆಯ ಕೊರತೆ ನೀಗಿಸುವ ಸಾಧನ ಈಗ ಇದೆ. ಐಐಟಿ ಮದ್ರಾಸ್ ಮತ್ತು ಎನ್‌ಐಸಿ ರೂಪಿಸಿದ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆಯನ್ನು ಮೊದಲು ಜಾರಿಗೆ ತಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರಲ್ಲಿ ಪೊಲೀಸರು ಮಾತ್ರವಲ್ಲ, ರಸ್ತೆ ಎಂಜಿನಿಯರರೂ ಸ್ಥಳ ನೋಡಿ ರಸ್ತೆಯ ಸ್ಥಿತಿ ದಾಖಲಿಸಬೇಕು. 2022ರ ಏಪ್ರಿಲಿನಿಂದ ಜಾರಿಯಾದ ನಿಯಮದಂತೆ ಮೊದಲ ಅಪಘಾತ ವರದಿ 48 ಗಂಟೆಯೊಳಗೆ, ವಿವರವಾದ ವರದಿ 90 ದಿನದೊಳಗೆ ನ್ಯಾಯಮಂಡಳಿಗೆ ಹೋಗಬೇಕು. ತೊಡಕು ಇಷ್ಟೇ: ರಸ್ತೆ ಕೆಟ್ಟಿತ್ತು ಎಂದು ಬರೆಯಬೇಕಾದ ಎಂಜಿನಿಯರ್ ಆ ರಸ್ತೆಯನ್ನು ನೋಡಿಕೊಳ್ಳಬೇಕಿದ್ದ ಇಲಾಖೆಯವನೇ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳೆಂದರೆ ಯಾರು ಹೇಳುತ್ತಾರೆ? ಸಾವಾದ ಪ್ರಕರಣಗಳಲ್ಲಾದರೂ ಈ ಭಾಗವನ್ನು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದವರಿಂದ ಬರೆಸಬೇಕು. ಕಲಬುರಗಿಯಲ್ಲಿ ಅಂಥ ಕಾಲೇಜುಗಳಿಗೆ ಬರವಿಲ್ಲ.

ವಿಭಜಕಕ್ಕೆ ಜಾಗವೇ ಇಲ್ಲದ ಎರಡು ಪಥದ ರಸ್ತೆಗೆ ಏನು ಮಾಡುವುದು ಎಂಬ ಪ್ರಶ್ನೆಗೆ ಸ್ವೀಡನ್ 1998ರಿಂದ ಉತ್ತರ ಕೊಡುತ್ತಿದೆ. ಅಗಲವಾದ ಎರಡು ಪಥದ ರಸ್ತೆಗಳನ್ನು ಮೂರು ಪಥವಾಗಿ ಗೆರೆ ಹಾಕಿ, ನಡುವೆ ಉಕ್ಕಿನ ಹಗ್ಗದ ಬೇಲಿ ಎಳೆದು, ಮುಂದೆ ಹೋಗುವ ಅವಕಾಶವನ್ನು ಒಮ್ಮೆ ಈ ಬದಿಗೆ ಒಮ್ಮೆ ಆ ಬದಿಗೆ ಕೊಟ್ಟರು. ಅಂಥ ರಸ್ತೆಗಳಲ್ಲಿ ಸಾವು ಮುಕ್ಕಾಲು ಪಾಲಿನಷ್ಟು ಇಳಿಯಿತು. ಅದನ್ನು ಹಾಗೇ ತಂದು ಇಲ್ಲಿ ಹಾಕಲಾಗದು. ನಮ್ಮಲ್ಲಿ ಸಾಯುವವರಲ್ಲಿ ಶೇ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಬೇಲಿಯ ಕಂಬಗಳೇ ಅವರಿಗೆ ಕತ್ತಿ. ಎತ್ತಿನ ಬಂಡಿ, ಟ್ರ್ಯಾಕ್ಟರಿಗೂ ದಾರಿ ಬೇಕು. ಆದರೆ ತಿರುವು, ದಿಬ್ಬ, ಸೇತುವೆಯ ಎರಡೂ ಬದಿಯಂಥ ಆಯ್ದ ಕಡೆಗಳಲ್ಲಿ ರಸ್ತೆ ಅಗಲಿಸಿ ಕಾಂಕ್ರೀಟ್ ವಿಭಜಕ ಹಾಕುವುದಕ್ಕೆ ಏನೂ ಅಡ್ಡಿಯಿಲ್ಲ.

ಹಣ ಇಲ್ಲ ಎಂಬ ಮಾತನ್ನು ಈ ಭಾಗದಲ್ಲಿ ಒಪ್ಪಲಾಗದು. ಸುಣ್ಣದಕಲ್ಲು ತೆಗೆಯುವ ಗಣಿಗಳು ರಾಜಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಪಾಲು ಕಟ್ಟುತ್ತವೆ: 2015ರ ಜನವರಿ 12ಕ್ಕೆ ಮುಂಚಿನ ಗಣಿಗುತ್ತಿಗೆಯಾದರೆ ರಾಜಧನದ ಶೇ 30, ಹರಾಜಿನಲ್ಲಿ ಬಂದ ಹೊಸದಾದರೆ ಶೇ 10. ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆ ಖರ್ಚಾಗಬೇಕಾದ ಈ ಹಣದ ಒಂದು ಭಾಗವನ್ನು ರಸ್ತೆ, ಸೇತುವೆಗೆ ಬಳಸಲು ನಿಯಮವೇ ಅವಕಾಶ ಕೊಟ್ಟಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದ ದೊಡ್ಡ ಪಾಲು ರಸ್ತೆಗೇ ಹೋಗುತ್ತದೆ. ಎರಡರಲ್ಲೂ ಹೊಸ ರಸ್ತೆಗೆ ಭೂಮಿಪೂಜೆ ಇದೆ. ಬಾಗಿದ ತಗಡು ಬದಲಿಸುವ ಬಾಬ್ತನ್ನು ಯಾರೂ ಕೇಳುವುದಿಲ್ಲ, ಯಾಕೆಂದರೆ ಅದಕ್ಕೆ ಅಡಿಗಲ್ಲು ಹಾಕಲು ಬರುವುದಿಲ್ಲ.

ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಯ ಮುಂದೆ ಕೋಡ್ಲಾ, ಸೇಡಂ, ಮಳಖೇಡ, ವಾಡಿ, ಶಹಾಬಾದ್, ಚಿತ್ತಾಪುರ, ಚಿಂಚೋಳಿಯ ಗ್ರಾಮ ಪಂಚಾಯಿತಿಗಳು, ಪುರಸಭೆಗಳು ಇಡಬಹುದಾದ ಅರ್ಜಿ ಚಿಕ್ಕದು. ಕಾರ್ಖಾನೆಗಳಿಂದ ಹೊರಡುವ ಪ್ರತಿ ರಸ್ತೆಯಲ್ಲಿ ತಡೆಬೇಲಿ, ಡಿವೈಡರ್ ಮೂತಿ, ಸೇತುವೆಯ ಕೈಪಿಡಿಗೋಡೆ ಎಲ್ಲೆಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿ ಮಾಡಿ, ಅದರ ನಿರ್ವಹಣೆ ಯಾವ ಉಪವಿಭಾಗದ್ದು, ಗುತ್ತಿಗೆದಾರನ ದೋಷಹೊಣೆಯ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಅದೇ ಜಾಗದಲ್ಲಿ ಫಲಕ ಹಾಕಿ ಬರೆಯಬೇಕು. ಮುರಿದದ್ದನ್ನು ಕಂಡವರು ಫೋಟೊ ತೆಗೆದು, ದಿನಾಂಕ ಬರೆದು ಉಪವಿಭಾಗದ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. 198ಎ ಕೇಳುವ ‘ಗೊತ್ತಿತ್ತೇ’ ಎಂಬ ಪ್ರಶ್ನೆಗೆ ಆ ಸ್ವೀಕೃತಿಯ ಮೊಹರೇ ಉತ್ತರ. ಪಟ್ಟಿ ಮುಂಗಾರಿಗೆ ಮುಂಚೆ ಆಗಬೇಕು, ಕಾಗಿಣಾ ನದಿ ತುಂಬಿ ಮಳಖೇಡದ ಸೇತುವೆ ಮುಳುಗಿ ಲಾರಿಗಳೆಲ್ಲ ಒಳರಸ್ತೆಗಳಿಗೆ ತಿರುಗುವ ಮೊದಲು.